ಕಡತದೊಳಗಿನ ಗ್ರಂಥಪಾತ

ಕಳೆದುಹೋದ ವಸ್ತುವಿಗಾಗಿ ಮರುಗುವುದು ಮನುಷ್ಯನಿಗೆ ಸಹಜವಾದುದು. ಆದರೆ ಏನು ಕಳೆದುಹೋಯಿತೆಂಬುದನ್ನೇ ಅರಿಯದವನು ಯಾವುದಕ್ಕಾಗಿ ಮರುಗಬೇಕು? ಅರಿಯದಿರುವುದರಿಂದ ಅವನಿಗೆ ನಷ್ಟವೇ ಆಗಲಿಲ್ಲವೆಂದು ಹೇಳಬಹುದೆ? ಅಥವಾ ಮೊದಲಿನ ನಷ್ಟದ ಮೇಲೆ ಅಜ್ಞಾನವೆಂಬ ಮತ್ತೊಂದು ನಷ್ಟವೂ ಬಂದು ಸೇರಿತೆಂದು ಹೇಳತಕ್ಕುದೆ? ಈ ಪ್ರಶ್ನೆಯು ಮೇಲುನೋಟಕ್ಕೆ ತರ್ಕಶಾಸ್ತ್ರಿಗಳ ವಿನೋದದಂತೆ ತೋರುವುದಾದರೂ, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸುತ್ತಿನ ಮನೆಗಳಲ್ಲಿ ಇಂದು ಅದು ಗೃಹಕೃತ್ಯದ ಪ್ರಶ್ನೆಯೇ ಆಗಿದೆ. ಅಟ್ಟದ ಮೇಲೆ ಅಡುಗೆಯ ಹೊಗೆ ತಾಗುವ ಕಡೆ ಹಿರಿಯರು ಕಟ್ಟಿಟ್ಟಿದ್ದ ಓಲೆಗರಿಗಳು, ಮೂಲಗೇಣಿ ಚೀಟುಗಳು, ಜಾತಕಗಳು, ಕೈಬರಹದಲ್ಲಿ ಇಳಿಸಿಕೊಂಡ ಯಕ್ಷಗಾನ ಪ್ರಸಂಗಗಳು, ಮದುವೆ ಮುಂಜಿಗಳ ಪಟಗಳು, ಇವುಗಳ ಛಾಯಾಪ್ರತಿಗಳನ್ನು ತೆಗೆದು ಗಣಕಯಂತ್ರದ ಹಾರ್ಡ್ ಡಿಸ್ಕಿಗೆ ಏರಿಸಿ, ಮೂಲವನ್ನು ಗೆದ್ದಲಿಗೆ ಬಿಟ್ಟುಕೊಟ್ಟವರು ಹಲವರು. ಗೆದ್ದಲು ತಿನ್ನದ ಸ್ಥಳದಲ್ಲಿ ಇಟ್ಟೆವೆಂಬ ನೆಮ್ಮದಿ ಅವರದು. ಆದರೆ ಆ ಸ್ಥಳವನ್ನೂ ತಿನ್ನುವ ಹುಳು ಒಂದುಂಟು.

ಕಡತವೆಂಬ ಮಾತು ಹಳೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಕಪ್ಪಾದ ಮೈಯ ಮೇಲೆ ಬಳಪದಿಂದ ಬರೆದು, ಮಡಿಕೆ ಮಡಿಕೆಯಾಗಿ ಮಡಿಸಿಡುತ್ತಿದ್ದ ಪುಸ್ತಕಕ್ಕೆ ಆ ಹೆಸರಿತ್ತು. ಬಳಿಕ ಅದು ಕಚೇರಿಯ ಕಾಗದದ ಕಟ್ಟಿಗೆ ಬಂದಿತು. ಈಗ ಗಣಕಯಂತ್ರದೊಳಗಿನ ಫೈಲಿಗೂ ಸಂದಿದೆ. ಹಳೆಯ ಕಡತದ ಬರಹ ಒರಸಿಹೋದರೆ ಅಲ್ಲಿ ಕಪ್ಪು ಬಟ್ಟೆ ಕಣ್ಣಿಗೆ ಕಾಣುತ್ತಿತ್ತು. ಓಲೆಯನ್ನು ಹುಳು ಕೊರೆದರೆ ತೂತು ಕಾಣುತ್ತಿತ್ತು. ಎಷ್ಟು ಅಕ್ಷರ ಹೋಗಿರಬಹುದೆಂದು ಬೆರಳಿಟ್ಟು ಅಳೆಯಬಹುದಾಗಿತ್ತು. ಹೊಸ ಕಡತದಲ್ಲಿ ಒರಸಿಹೋದುದು ಕಾಣುವುದಿಲ್ಲ. ಹೆಸರು ಪಟ್ಟಿಯಲ್ಲಿ ಇದ್ದಂತೆಯೇ ಇರುವುದು. ಗಾತ್ರ ಇದ್ದಷ್ಟೇ ಇರುವುದು. ಬರೆದ ದಿನಾಂಕವೂ ಬದಲಾಗದು. ತೆರೆದು ಓದುವ ದಿನ ಬರುವವರೆಗೆ ಗಾಯ ಹೊರಕ್ಕೆ ತೋರದು; ಆ ದಿನ ಹತ್ತು ವರ್ಷಗಳ ಮೇಲೆ ಬರಬಹುದು.

ಡಿಸ್ಕಿನ ಒಳಗಿನ ತಟ್ಟೆಯ ಮೇಲೆ ಬರಹವನ್ನು ಸೆಕ್ಟರ್ ಎಂಬ ಚಿಕ್ಕ ಖಂಡಗಳಾಗಿ ಇಡುತ್ತಾರೆ. ಹಳೆಯ ಪದ್ಧತಿಯಲ್ಲಿ ಒಂದು ಸೆಕ್ಟರಿಗೆ 512 ಬೈಟುಗಳು; ಈಚಿನ ಡಿಸ್ಕುಗಳಲ್ಲಿ 4096. ಯೂನಿಕೋಡಿನ ರೂಢಿಯ ಲೇಖನಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ, ಅಂದರೆ ಮೂಲಾಕ್ಷರಕ್ಕೆ, ಕಾಗುಣಿತದ ಗುರುತಿಗೆ, ಒತ್ತಿನ ಗುರುತಿಗೆ, 3 ಬೈಟುಗಳು ಬೇಕಾಗುತ್ತವೆ. ಆದುದರಿಂದ 512 ಬೈಟು ಹೋದರೆ ಸುಮಾರು 170 ಚಿಹ್ನೆಗಳು, ಎಂದರೆ ಎರಡು ಮೂರು ಸಾಲು ಹೋಯಿತು. 4096 ಹೋದರೆ 1365 ಚಿಹ್ನೆಗಳು. ಅಚ್ಚಿನ ಪುಸ್ತಕದ ಹೆಚ್ಚುಕಡಮೆ ಒಂದು ಪುಟ. ಪ್ರತಿಯೊಂದು ಖಂಡದ ಜತೆಯಲ್ಲಿಯೂ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ಸ್ವಲ್ಪ ಹೆಚ್ಚಿನ ಬರಹವಿರುತ್ತದೆ. ಸಣ್ಣ ತಪ್ಪನ್ನು ಡಿಸ್ಕು ತಾನೇ ತಿದ್ದಿ ಓದಿಕೊಳ್ಳುತ್ತದೆ. ತಪ್ಪು ಆ ಮೇರೆಯನ್ನು ಮೀರಿದರೆ, ಊಹಿಸಿ ಏನನ್ನಾದರೂ ಕೊಡುವುದರ ಬದಲು, ಓದಲಾಗದೆಂದು ಹೇಳಿಬಿಡುತ್ತದೆ. ಯಂತ್ರಕ್ಕೆ ಪ್ರಾಮಾಣಿಕತೆಯನ್ನು ಆರೋಪಿಸುವುದು ಉಚಿತವಲ್ಲದಿದ್ದರೂ, ತಿಳಿಯದ ಕಡೆ ತಿಳಿಯದೆಂದು ಹೇಳುವ ಈ ನಡತೆಯು ಪಂಡಿತರಲ್ಲಿಯೂ ದುರ್ಲಭವೆಂಬುದನ್ನು ಒಪ್ಪಬೇಕು.

ಈ ಕೇಡಿಗೆ ಕಾರಣಗಳು ಹಲವು. ತಟ್ಟೆಯ ಲೇಪ ಸವೆಯಬಹುದು; ಓದುವ ಮುಳ್ಳು ತಟ್ಟೆಗೆ ತಾಗಬಹುದು. ಕರಾವಳಿಯಲ್ಲಿ ಮುಂಗಾರಿನ ಮೊದಲ ಗುಡುಗಿಗೇ ವಿದ್ಯುತ್ತು ಹೋಗುವುದು ಎಲ್ಲರಿಗೂ ತಿಳಿದುದೇ. ಬರೆಯುತ್ತಿರುವಾಗ ಹಾಗೆ ನಿಂತುಹೋದರೆ ಖಂಡವು ಅರ್ಧ ಹೊಸದೂ ಅರ್ಧ ಹಳೆಯದೂ ಆಗಿ, ಎರಡೂ ಓದಲು ಬಾರದಂತಾಗುವುದುಂಟು.

ಡಿಸ್ಕು ಹೇಳುವುದಾದರೂ ಏನು? ಇಂಥ ಸಂಖ್ಯೆಯ ಸೆಕ್ಟರನ್ನು ಓದಲಾಗಲಿಲ್ಲವೆಂದಿಷ್ಟೆ. ಆ ಸೆಕ್ಟರಿನಲ್ಲಿ ಇದ್ದುದು ಅಜ್ಜಿಯ ಹಾಡಿನ ಧ್ವನಿಯೋ, ತೀರಿಹೋದ ಸಾಲದ ಚೀಟಿಯೋ, ಯಾರಿಗೂ ಬೇಡದ ಪಾತ್ರೆಯಂಗಡಿಯ ರಸೀತಿಯೋ, ಡಿಸ್ಕಿಗೆ ತಿಳಿಯದು. ಇಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಒಂದು ಮಾತು ನೆನಪಾಗಬೇಕು. ವೈಶೇಷಿಕರು ಭಾವಪದಾರ್ಥಗಳು ಆರನ್ನು ಹೇಳಿದರು; ಮುಂದಿನವರು ಅಭಾವವೆಂಬ ಏಳನೆಯದನ್ನು ಸೇರಿಸಿದರು. ಇಲ್ಲದಿರುವುದನ್ನೂ ಪದಾರ್ಥವೆಂದು ಎಣಿಸಿದ ಈ ಶಾಸ್ತ್ರವನ್ನು ನಗುವವರು ನಗಲಿ. ಅವರು ಮಾಡಿದ ಒಂದು ನಿಯಮ ಬಹಳ ಬೆಲೆಯುಳ್ಳದು. ಬರಿಯ ಅಭಾವವೆಂಬುದಿಲ್ಲ. ಅಭಾವವು ಯಾವಾಗಲೂ ಒಂದರ ಅಭಾವ, ಒಂದು ಕಡೆಯಲ್ಲಿಯ ಅಭಾವ. ನೆಲದ ಮೇಲೆ ಗಡಿಗೆಯಿಲ್ಲವೆಂದರೆ ನೆಲವು ಅಧಿಕರಣ, ಗಡಿಗೆಯು ಪ್ರತಿಯೋಗಿ. ಪ್ರತಿಯೋಗಿಯನ್ನು ಅರಿಯದವನಿಗೆ ಅಭಾವದ ಜ್ಞಾನವೇ ಆಗದು. ಗಡಿಗೆಯನ್ನು ಎಂದೂ ಕಾಣದವನು ಬರಿಯ ನೆಲವನ್ನು ಕಾಣುತ್ತಾನೆಯೇ ಹೊರತು ಗಡಿಗೆಯಿಲ್ಲದ ನೆಲವನ್ನು ಕಾಣಲಾರನು.

ಡಿಸ್ಕು ಕೊಡುವುದು ಅಧಿಕರಣವನ್ನು ಮಾತ್ರ. ಪ್ರತಿಯೋಗಿಯನ್ನು ಹುಡುಕಬೇಕಾದವನು ಮನುಷ್ಯ. ಈ ಹುಡುಕಾಟಕ್ಕೆ ಲಿನಕ್ಸಿನಲ್ಲಿ ಒಳ್ಳೆಯ ದಾರಿಯಿದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ತೊಡಗಿದ ಈ ವ್ಯವಸ್ಥೆಯನ್ನು ಇಂದು ಬಹು ಮನೆಗಳಲ್ಲಿ ಬಳಸುವುದಿಲ್ಲವೆಂಬುದು ನಿಜ. ಆದರೂ ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕೇರಳದ ಪಾಠಕ್ರಮದಂತೆ ಮಕ್ಕಳು ಕಲಿಯುವುದು ಇದನ್ನೇ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಸೊಸೆಯೋ ಊರಿನ ಹಳೆಯ ಯಂತ್ರಕ್ಕೆ ಇದನ್ನೇ ಹಾಕಿಕೊಟ್ಟು ಹೋಗಿರುವ ಮನೆಗಳೂ ಇವೆ. ಇದರ ಒಳಗಿನ ಲೆಕ್ಕವೆಲ್ಲ ಬಯಲಿಗೆ ಇಟ್ಟಂತಿರುವುದರಿಂದ, ಬೇಕಾದವನು ಕೈಹಾಕಿ ನೋಡಬಹುದು.

ಮೊದಲು ಸ್ಮಾರ್ಟ್‌ಸಿಟಿಎಲ್ ಎಂಬ ಉಪಕರಣದಿಂದ ಡಿಸ್ಕನ್ನು ದೀರ್ಘಪರೀಕ್ಷೆಗೆ ಒಳಪಡಿಸಿದರೆ, ಓದಲಾಗದ ಮೊದಲನೆಯ ಸೆಕ್ಟರಿನ ಸಂಖ್ಯೆ ವರದಿಯಲ್ಲಿ ಬರುತ್ತದೆ. ಅದು 2,50,02,048 ಎಂದಿರಲಿ. ಕಡತಗಳಿರುವ ವಿಭಾಗವು 2048ನೆಯ ಸೆಕ್ಟರಿನಲ್ಲಿ ತೊಡಗಿದ್ದರೆ ಅಷ್ಟನ್ನು ಕಳೆಯಬೇಕು, 2,50,00,000 ಉಳಿಯಿತು. ಇಎಕ್ಸ್‌ಟಿ-4 ಎಂಬ ಸಾಮಾನ್ಯ ಕಡತವ್ಯವಸ್ಥೆಯು 4096 ಬೈಟುಗಳ ಬ್ಲಾಕುಗಳಲ್ಲಿ ಎಣಿಸುವುದರಿಂದ, 512ರ ಎಂಟು ಸೆಕ್ಟರುಗಳು ಒಂದು ಬ್ಲಾಕು. ಎಂಟರಿಂದ ಭಾಗಿಸಿದರೆ 31,25,000ನೆಯ ಬ್ಲಾಕು ದೊರೆಯಿತು. (ವಿಭಾಗಗಳ ಮೇಲೆ ಬೇರೆ ವಿಭಾಗಗಳನ್ನು ಕಟ್ಟಿದ್ದರೆ ಲೆಕ್ಕಕ್ಕೆ ಇನ್ನೂ ಒಂದೆರಡು ಮೆಟ್ಟಿಲು ಸೇರುತ್ತದೆ.) ಬಳಿಕ ಡಿಬಗ್‌ಎಫ್‌ಎಸ್ ಎಂಬ ಉಪಕರಣದೊಳಗೆ ಹೊಕ್ಕು ಈ ಬ್ಲಾಕು ಯಾರದೆಂದು ಐಚೆಕ್ ಆಜ್ಞೆಯಿಂದ ಕೇಳಿದರೆ ಒಂದು ಐನೋಡ್ ಸಂಖ್ಯೆ ಬರುತ್ತದೆ, ಆ ಐನೋಡಿಗೆ ಹೆಸರೇನೆಂದು ಎನ್‌ಚೆಕ್ ಆಜ್ಞೆಯಿಂದ ಕೇಳಿದರೆ ಕಡತದ ಹೆಸರು, ಅದಿರುವ ಕೋಶದ ಹೆಸರಿನೊಡನೆ ಬರುತ್ತದೆ. ಒಂದು ಕಳೆಯುವಿಕೆ, ಒಂದು ಭಾಗಾಕಾರ, ಎರಡು ಪ್ರಶ್ನೆ. ಶ್ಯಾನುಭೋಗರ ಮನೆಯ ಹುಡುಗನಿಗೆ ಇದು ಹೆಚ್ಚಿನ ಗಣಿತವಲ್ಲ.

ಎರಡು ಪ್ರಶ್ನೆ ಏಕೆ ಬೇಕಾಯಿತೆಂಬುದನ್ನು ಯೋಚಿಸಿದರೆ ಸ್ವಾರಸ್ಯವಿದೆ. ಈ ವ್ಯವಸ್ಥೆಯಲ್ಲಿ ಕಡತದ ಮೈ ಒಂದು ಕಡೆ, ಹೆಸರು ಇನ್ನೊಂದು ಕಡೆ. ಐನೋಡ್ ಎಂಬುದು ಕಡತದ ಗಾತ್ರ, ಒಡೆಯ, ಕಾಲ, ಮೈ ಇರುವ ಬ್ಲಾಕುಗಳು, ಇವನ್ನೆಲ್ಲ ಬಲ್ಲದು. ತನ್ನ ಹೆಸರನ್ನು ಮಾತ್ರ ಅರಿಯದು. ಹೆಸರು ಇರುವುದು ಕೋಶದ ಪಟ್ಟಿಯಲ್ಲಿ. ಒಂದೇ ಮೈಗೆ ಎರಡು ಹೆಸರುಗಳಿರುವುದೂ ಸಾಧ್ಯ. ನಾಮವೂ ರೂಪವೂ ಒಂದನ್ನೊಂದು ಬಿಟ್ಟಿರಬಹುದೆಂಬುದನ್ನು ವೇದಾಂತಿಗಳ ಬಾಯಿಂದ ಕೇಳಿದವರು ಇಲ್ಲಿ ಕಣ್ಣಾರೆ ಕಾಣಬಹುದು. ಕೇಡು ಕೋಶದ ಪಟ್ಟಿಗೆ ತಗಲಿದರೆ ಹೆಸರುಗಳು ಅಳಿದು ಮೈಗಳು ಉಳಿಯುತ್ತವೆ. ವ್ಯವಸ್ಥೆಯನ್ನು ಸರಿಪಡಿಸುವ ಉಪಕರಣವು ಅಂಥ ಅನಾಥ ಮೈಗಳನ್ನು ಒಂದು ಪ್ರತ್ಯೇಕ ಕೋಶದಲ್ಲಿ ಬರಿಯ ಸಂಖ್ಯೆಗಳಿಂದ ಕರೆದು ಇಡುತ್ತದೆ. ಐನೋಡುಗಳ ಪಟ್ಟಿಗೆ ತಗಲಿದರೆ ಇದರ ವಿಲೋಮ: ಸಾಧಾರಣವಾಗಿ ಒಂದು ಐನೋಡಿಗೆ 256 ಬೈಟುಗಳಿರುವುದರಿಂದ, ಒಂದೇ ಬ್ಲಾಕು ಕೆಟ್ಟರೆ ಹದಿನಾರು ಕಡತಗಳವರೆಗೆ ಹೆಸರು ಉಳಿದು ಮೈಯ ದಾರಿ ತಪ್ಪುತ್ತದೆ.

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಈ ಎರಡು ದುರ್ಗತಿಗಳೂ ಅಪರಿಚಿತವಲ್ಲ. ಪೊನ್ನನ ಭುವನೈಕರಾಮಾಭ್ಯುದಯವೂ ರನ್ನನ ಪರಶುರಾಮಚರಿತವೂ ಹೆಸರಾಗಿ ಉಳಿದಿವೆ, ಮೈ ದೊರೆತಿಲ್ಲ. ಕಲಿತ ಜನರು ಅವುಗಳಿಗಾಗಿ ಇಂದಿಗೂ ಕಣ್ಣಿಟ್ಟಿರುವುದು ಹೆಸರು ಉಳಿದುದರಿಂದಲೇ. ವಡ್ಡಾರಾಧನೆಯ ಮೈ ನಿಂತಿತು. ಅದರ ಹೆಸರು ಯಾವುದು, ಬರೆದವರು ಯಾರು ಎಂಬುದು ಚರ್ಚೆಗೆ ಒಳಗಾಯಿತು. ಇಲ್ಲಿಯ ಮಣ್ಣಿನದೇ ಉದಾಹರಣೆ ಬೇಕಾದರೆ ಯಕ್ಷಗಾನವಿದೆ. ಹಳೆಯ ಪ್ರಸಂಗದ ಪ್ರತಿಗಳಲ್ಲಿ ಪದ್ಯದ ತಲೆಯ ಮೇಲೆ ರಾಗದ ಹೆಸರೂ ತಾಳದ ಹೆಸರೂ ಇರುತ್ತದೆ. ಹಾಡುವ ಮಟ್ಟನ್ನು ಯಾರೂ ಬರೆದಿಡಲಿಲ್ಲ, ಅದು ಭಾಗವತರ ಕಂಠದಲ್ಲಿತ್ತು. ಕೋಟದ ಶಿವರಾಮ ಕಾರಂತರು ಈ ಪ್ರತಿಗಳನ್ನು ಸಂಗ್ರಹಿಸಿ ಶೋಧಿಸಿದಾಗ, ಹೆಸರಿದ್ದೂ ಹಾಡುವವರಿಲ್ಲದ ರಾಗಗಳನ್ನು ಕಂಡರು. ಅವರ ಯಕ್ಷಗಾನ ಬಯಲಾಟವೆಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದಿತು. ಆ ಶೋಧನೆಯ ಒಂದು ಫಲವೆಂದರೆ ನಷ್ಟಕ್ಕೆ ಹೆಸರು ದೊರೆತುದು. ರಾಗ ಹೋಯಿತೆಂಬ ಸಂಕಟವನ್ನು ಅವರು ಹೊಸದಾಗಿ ಉಂಟುಮಾಡಲಿಲ್ಲ; ಹೋಗಿದ್ದ ರಾಗವನ್ನು ಹೋದುದೆಂದು ಗುರುತಿಸಿದರು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ವ್ಯವಹಾರಜ್ಞನೊಬ್ಬನು ಹೀಗೆ ವಾದಿಸಬಹುದು: ಹುಡುಕಿ ನೋಡಿದರೆ ಕೆಟ್ಟ ಬ್ಲಾಕಿಗೆ ಒಡೆಯನೇ ಇಲ್ಲದಿರಬಹುದು, ಅದು ಖಾಲಿ ಸ್ಥಳವಾಗಿರಬಹುದು, ಒಡೆಯನಿದ್ದರೂ ಆ ಕಡತವನ್ನು ಇನ್ನು ಇಪ್ಪತ್ತು ವರ್ಷ ಯಾರೂ ತೆರೆಯದಿರಬಹುದು, ಇಲ್ಲದ ದುಃಖವನ್ನು ಹುಡುಕಿಕೊಂಡು ಹೋಗುವುದೇಕೆ? ಡಿಸ್ಕಿನ ಆ ಸ್ಥಳದ ಮೇಲೆ ಹೊಸದಾಗಿ ಏನನ್ನಾದರೂ ಬರೆದುಬಿಟ್ಟರೆ ಡಿಸ್ಕು ತಾನಾಗಿಯೇ ಕೆಟ್ಟ ಖಂಡವನ್ನು ಬದಿಗಿರಿಸಿ, ಇದಕ್ಕೆಂದೇ ಕಾದಿರಿಸಿದ ಬೇರೆ ಖಂಡವನ್ನು ಅದರ ಸ್ಥಾನದಲ್ಲಿ ನಿಲ್ಲಿಸಿಕೊಳ್ಳುತ್ತದೆ, ದೂರು ನಿಲ್ಲುತ್ತದೆ, ಮನೆಯವರು ಸುಖವಾಗಿರುತ್ತಾರೆ. ಪೇಟೆಯ ಅಂಗಡಿಗಳಲ್ಲಿ ದೊರೆಯುವ ಸಲಹೆಯೂ ಪ್ರಾಯಶಃ ಇದೇ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಡಿಸ್ಕು ಹಾಗೆ ಮಾಡುವುದು ನಿಜ. ದೂರು ನಿಲ್ಲುವುದೂ ನಿಜ. ಆದರೆ ಏನು ನಡೆಯಿತೆಂಬುದನ್ನು ನೋಡಬೇಕು. ಗಾಯವಿದ್ದ ಕಡೆ ಈಗ ಸೊನ್ನೆಗಳಿವೆ. ಇಎಕ್ಸ್‌ಟಿ-4 ತನ್ನ ಸ್ವಂತ ಲೆಕ್ಕದ ಪುಟಗಳಿಗೆ ತಾಳೆಯ ಮೊತ್ತವನ್ನು ಇಟ್ಟುಕೊಳ್ಳಬಲ್ಲದೇ ಹೊರತು ಕಡತದ ಮೈಗೆ ಇಡುವುದಿಲ್ಲ. ಆದುದರಿಂದ ಸೊನ್ನೆಗಳನ್ನು ಅದು ನಿಸ್ಸಂಕೋಚವಾಗಿ ಕಡತವೆಂದೇ ಓದಿಕೊಡುತ್ತದೆ. ಮೊದಲು ಆ ಸ್ಥಳವನ್ನು ಮುಟ್ಟಿದವನಿಗೆ ಇಲ್ಲಿ ಓದಲಾಗದೆಂಬ ಉತ್ತರ ಬರುತ್ತಿತ್ತು. ಈಗ ಇಲ್ಲಿರುವುದು ಇಷ್ಟೇ ಎಂಬ ಉತ್ತರ ಬರುತ್ತದೆ. ಮೊದಲನೆಯದು ನಷ್ಟ, ಎರಡನೆಯದು ಸುಳ್ಳು. ಮಾತ್ರವಲ್ಲ, ಕೆಟ್ಟ ಖಂಡವನ್ನು ತಾಳ್ಮೆಯಿಂದ ಮತ್ತೆ ಮತ್ತೆ ಓದಿಸಿದರೆ ಕೆಲವು ವೇಳೆ ಹತ್ತನೆಯ ಸಲಕ್ಕೋ ನೂರನೆಯ ಸಲಕ್ಕೋ ಅದು ಬರಹವನ್ನು ಬಿಟ್ಟುಕೊಡುವುದುಂಟು. ಮೇಲೆ ಬರೆದವನು ಆ ಕಡೆಯ ಆಸೆಯನ್ನೂ ತನ್ನ ಕೈಯಿಂದಲೇ ಅಳಿಸಿದನು.

ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬುದನ್ನು ಆರನೆಯ ಪ್ರಮಾಣವಾಗಿ ಹೇಳುವಾಗ ಒಂದು ಕಟ್ಟುಪಾಡನ್ನು ಹಾಕುತ್ತಾರೆ. ಕಾಣದಿರುವುದೆಲ್ಲ ಇಲ್ಲದಿರುವುದಕ್ಕೆ ಪ್ರಮಾಣವಲ್ಲ. ಇದ್ದಿದ್ದರೆ ಕಾಣಬೇಕಾಗಿತ್ತು ಎಂಬ ಯೋಗ್ಯತೆ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆಂದು ಸಿದ್ಧವಾಗದು. ಸೊನ್ನೆ ತುಂಬಿದ ಕಡತದ ವಿಷಯದಲ್ಲಿ ಈ ಯೋಗ್ಯತೆಯೇ ಹಾಳಾಗುತ್ತದೆ. ನಲವತ್ತೆರಡು ಪದ್ಯವಿದ್ದ ಪ್ರಸಂಗದಲ್ಲಿ ಮೂವತ್ತೊಂಬತ್ತು ಕಂಡರೆ, ನಲವತ್ತೆರಡನ್ನು ಕೇಳಿ ಬಲ್ಲ ಮುದುಕರಿರುವ ತನಕ ಅದು ನಷ್ಟವೆಂದು ತಿಳಿಯುತ್ತದೆ. ಅವರ ತರುವಾಯ ಮೂವತ್ತೊಂಬತ್ತೇ ಪೂರ್ಣಪಾಠವಾಗುತ್ತದೆ. ಅರಿಯದ ನಷ್ಟವು ನಷ್ಟವೇ ಅಲ್ಲವೆಂಬ ವಾದದ ಮರ್ಮವಿರುವುದು ಇಲ್ಲಿ: ಅದನ್ನು ಸಾಕಷ್ಟು ಕಾಲ ಬಿಟ್ಟರೆ ಅದು ತನ್ನನ್ನು ತಾನೇ ಸತ್ಯ ಮಾಡಿಕೊಳ್ಳುತ್ತದೆ. ಸಾಕ್ಷಿಗಳೆಲ್ಲ ತೀರಿದ ಬಳಿಕ ಕಳ್ಳನೂ ಒಡೆಯನಾಗುವಂತೆ.

ಹಿಂದಿನವರು ಈ ಅಪಾಯವನ್ನು ಬಲ್ಲವರಾಗಿದ್ದರು. ಓಲೆಯನ್ನು ಪ್ರತಿಮಾಡುವ ಲಿಪಿಕಾರನು ಮಾತೃಕೆಯಲ್ಲಿ ಹುಳು ತಿಂದ ಕಡೆಯನ್ನು ಕಂಡಾಗ, ಯೋಗ್ಯನಾದರೆ, ಅಷ್ಟು ಸ್ಥಳವನ್ನು ಬಿಟ್ಟು ಮುಂದೆ ಬರೆದನು. ಅಂಥ ಎಡೆಗೆ ಗ್ರಂಥಪಾತವೆಂದು ಹೆಸರು. ಅಯೋಗ್ಯನಾದರೆ ಎರಡು ತುದಿಗಳನ್ನೂ ಕೂಡಿಸಿ ಬರೆದನು, ಇಲ್ಲವೆ ತನ್ನ ಕವಿತಾಶಕ್ತಿಯಿಂದ ತುಂಬಿದನು. ಗ್ರಂಥಸಂಪಾದಕರಿಗೆ ಹೆಚ್ಚು ತೊಂದರೆ ಕೊಟ್ಟವನು ಹುಳುವಲ್ಲ, ಈ ಎರಡನೆಯವನು. ಹುಳುವು ತಾನು ತಿಂದುದನ್ನು ಮರೆಮಾಚುವುದಿಲ್ಲ. ವಡ್ಡಾರಾಧನೆಯನ್ನು 1949ರಲ್ಲಿ ಸಂಪಾದಿಸಿ ಪ್ರಕಟಿಸಿದ ಡಿ. ಎಲ್. ನರಸಿಂಹಾಚಾರ್ಯರು ಮುಂದೆ ಕನ್ನಡ ಗ್ರಂಥ ಸಂಪಾದನೆಯೆಂಬ ಶಾಸ್ತ್ರಗ್ರಂಥವನ್ನೇ ಬರೆದರು. ಬಿಟ್ಟುಹೋದುದೆಲ್ಲಿ, ಸೇರಿದುದೆಲ್ಲಿ ಎಂಬ ಪರಿಶೋಧನೆಯು ಈ ಶಾಸ್ತ್ರದ ಜೀವಾಳ.

ಶಾಸನಗಳನ್ನು ಓದಿದವರ ಪದ್ಧತಿ ಇದಕ್ಕಿಂತಲೂ ಕಟ್ಟುನಿಟ್ಟಾದುದು. ಬ್ರಹ್ಮಾವರದ ಕಡೆಯ ಬಾರಕೂರು, ಕುಂದಾಪುರದ ಬಳಿಯ ಬಸರೂರು, ಇವೆರಡೂ ಕಲ್ಲಿನ ಬರಹಗಳಿಗೆ ಹೆಸರಾದ ಊರುಗಳು, ಕ್ರಿ. ಶ. 7ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸಿರುವ ವಡ್ಡರ್ಸೆಯ ಆಳುಪ ಶಾಸನವೂ ಇಲ್ಲಿಯದೇ. ಮಳೆ, ಪಾಚಿ, ದನದ ಮೈಯುಜ್ಜು, ಇವುಗಳಿಂದ ಇಂಥ ಕಲ್ಲುಗಳಲ್ಲಿ ಅಕ್ಷರ ಸವೆಯುವುದು ಸಾಮಾನ್ಯ. ಇಲ್ಲಿಯ ಶಾಸನಗಳು ಅಚ್ಚಾಗಿರುವ ದಕ್ಷಿಣ ಭಾರತದ ಶಾಸನಗಳ 7ನೆಯ ಸಂಪುಟವನ್ನು ತೆರೆದು ನೋಡಿದವರು ಸಾಲುಗಳ ನಡುನಡುವೆ ಚುಕ್ಕಿಗಳನ್ನೂ ಆವರಣಗಳನ್ನೂ ಕಂಡಿರಬಹುದು. ಅಕ್ಷರ ಹೋದ ಕಡೆ ಚುಕ್ಕಿ. ಸಂದೇಹವಿದ್ದ ಕಡೆ ಆವರಣ. ದಾನ ಕೊಟ್ಟವನ ಹೆಸರು ಏನಿರಬಹುದೆಂದು ಓದಿದ ವಿದ್ವಾಂಸನಿಗೆ ಬಲವಾದ ಊಹೆ ಇದ್ದಿರಬಹುದು. ಆದರೂ ಊಹೆಯನ್ನು ಅಡಿಗೆ ಇಳಿಸಿ, ಸಾಲಿನಲ್ಲಿ ಚುಕ್ಕಿಯನ್ನೇ ಉಳಿಸಿದನು. ಆ ಚುಕ್ಕಿಗಳನ್ನು ಓದುವಾಗ ಬೇಸರ ಬರುವುದುಂಟು. ಅವುಗಳಿಂದಲೇ ಉಳಿದ ಅಕ್ಷರಗಳಿಗೆ ನಂಬಿಕೆ ಬಂದಿದೆಯೆಂಬುದನ್ನು ಬೇಸರಗೊಂಡವರು ನೆನೆಯುವುದಿಲ್ಲ.

ಹಾಗೆಂದು ಪ್ರತಿಯೊಂದು ಕೆಟ್ಟ ಬ್ಲಾಕಿಗೂ ಸಮಾನವಾಗಿ ಶೋಕಿಸತಕ್ಕುದೆಂದು ಹೇಳುವುದು ಅತಿಯಾದೀತು. ಹೆಸರು ತಿಳಿದ ಮೇಲೆಯೇ ಅಲ್ಲವೆ ತಾರತಮ್ಯ? ಒಂದೇ ಅಳತೆಯ ಗಾಯವು ಒಂದೊಂದು ಮೈಯಲ್ಲಿ ಒಂದೊಂದು ವಿಧವಾಗಿರುತ್ತದೆ. ಸರಳವಾದ ಅಕ್ಷರಪಾಠದ ಕಡತದಲ್ಲಿ ಹೋದುದು ಹೋದಷ್ಟೇ. ಹಿಂದುಮುಂದಿನ ಸಾಲುಗಳಿಗೆ ಬಾಧಕವಿಲ್ಲ. ಪಟದ ಕಡತದಲ್ಲಿ ಗಾಯದ ಕೆಳಗಿನ ಭಾಗವೆಲ್ಲ ಬಣ್ಣಗೆಟ್ಟು, ಮದುವೆಯ ಮನೆಯವರ ಮುಖ ಉಳಿದು ಕೆಳಗಿನ ಸಾಲಿನಲ್ಲಿ ಕುಳಿತ ಮಕ್ಕಳು ಬೂದುಬಣ್ಣದಲ್ಲಿ ಮುಳುಗಬಹುದು. ಹಿಂಡಿ ಚಿಕ್ಕದು ಮಾಡಿಟ್ಟ ಕಟ್ಟಿನಲ್ಲಿ ಒಂದು ಬ್ಲಾಕು ಕೆಟ್ಟರೆ ಅದರಿಂದ ಮುಂದಿನದೆಲ್ಲವೂ ತೆರೆಯದೆ ಹೋಗುವ ಸಂಭವವುಂಟು. (ಸ್ಥಳ ಉಳಿಸುವುದಕ್ಕಾಗಿ ಇಪ್ಪತ್ತು ವರ್ಷದ ಕಾಗದಪತ್ರಗಳನ್ನು ಒಂದೇ ಗಂಟಾಗಿ ಕಟ್ಟಿಡುವ ಮಿತವ್ಯಯಿಗಳು ಇದನ್ನು ಗಮನಿಸುವುದು ಒಳ್ಳೆಯದು.) ವ್ಯವಸ್ಥೆಯ ಸ್ವಂತ ಕಡತವಾದರೆ ಹೊಸದನ್ನು ತಂದು ಹಾಕಬಹುದು; ಅದರ ಪ್ರತಿ ಜಗತ್ತಿನಲ್ಲೆಲ್ಲ ಇದೆ. ಈ ವಿವೇಚನೆಗೆ ಸಂಖ್ಯೆಯಿಂದ ಏನೂ ಉಪಯೋಗವಿಲ್ಲ. ಕಡತದ ಹೆಸರು ತಿಳಿದ ಮೇಲಷ್ಟೇ ಯಾವುದಕ್ಕೆ ಓಡಾಡಬೇಕು, ಯಾವುದನ್ನು ಬಿಡಬೇಕು ಎಂದು ಹೇಳಬಹುದು.

ಇನ್ನೊಂದು ಸಂಗತಿಯನ್ನು ವ್ಯವಹಾರಜ್ಞನು ಮರೆಯುತ್ತಾನೆ. ಮನೆಯ ಡಿಸ್ಕಿನಲ್ಲಿರುವುದೆಲ್ಲ ಡಿಸ್ಕಿನ ಒಡೆಯನದಲ್ಲ. ಮೂಲಗೇಣಿ ಚೀಟಿನಲ್ಲಿ ದಾಯಾದಿಗಳ ಹಕ್ಕಿದೆ. ಜಾತಕ ಮದುವೆಯಾಗಿ ಹೋದ ಮಗಳದು. ಪ್ರಸಂಗದ ಪ್ರತಿ ಮೇಳದವರಿಂದ ಎರವಲು ತಂದುದು. ಇಟ್ಟುಕೊಂಡವನು ನಿಕ್ಷೇಪಧಾರಿ ಮಾತ್ರ. ತನ್ನ ವಸ್ತು ಹಾಳಾದರೆ ಅರಿಯದೆ ಸುಖವಾಗಿರುವ ಸ್ವಾತಂತ್ರ್ಯ ಒಬ್ಬನಿಗೆ ಇರಬಹುದು. ಪರರು ಇಟ್ಟುದು ಹಾಳಾದರೆ ಆ ಸ್ವಾತಂತ್ರ್ಯವಿಲ್ಲ. ಇಟ್ಟವನು ಬಂದು ಕೇಳುವ ತನಕ ಸುಮ್ಮನಿರುವವನನ್ನು ಕಳ್ಳನೆಂದು ಯಾರೂ ಕರೆಯಲಾರರು, ಪ್ರಾಮಾಣಿಕನೆಂದೂ ಕರೆಯಲಾರರು. ಅಲ್ಲದೆ ಇದಕ್ಕೆ ಕಾಲದ ಗಡುವೂ ಇದೆ. ಇಂದು ಹೆಸರು ತಿಳಿದರೆ ಅದೇ ಪಟದ ಪ್ರತಿ ಮುಂಬಯಿಯ ಚಿಕ್ಕಪ್ಪನ ಮನೆಯಲ್ಲಿ ಇದ್ದೀತು. ಅದೇ ಪ್ರಸಂಗವನ್ನು ಬಾಯಿಪಾಠ ಬಲ್ಲ ಭಾಗವತರು ಇದ್ದಾರು. ಚೀಟಿನ ದಾಖಲೆ ಕಚೇರಿಯಲ್ಲಿ ದೊರೆತೀತು. ಹತ್ತು ವರ್ಷ ಕಳೆದ ಬಳಿಕ ಹೆಸರು ತಿಳಿದರೆ ಕೇಳುವುದಕ್ಕೆ ಮನೆಗಳೇ ಇರಲಾರವು.

ಈ ಕರ್ತವ್ಯವನ್ನು ಯಂತ್ರಕ್ಕೇ ಕಲಿಸಿಟ್ಟವರೂ ಇದ್ದಾರೆ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಗಳು ಪ್ರತಿಯೊಂದು ಖಂಡದ ಮೈಗೂ ತಾಳೆಯ ಮೊತ್ತವನ್ನು ಇಟ್ಟುಕೊಂಡು, ಪರೀಕ್ಷಿಸಿದಾಗ ಮೊತ್ತ ಕೂಡದಿದ್ದರೆ ಕೆಟ್ಟ ಕಡತದ ಹೆಸರನ್ನೇ ಹೇಳುತ್ತವೆ. ಎರಡನೆಯ ಪ್ರತಿಯನ್ನು ಇಡಿಸಿದ್ದರೆ ಅದರಿಂದ ಸರಿಪಡಿಸಿಯೂ ಕೊಡುತ್ತವೆ. ಹೊಸದಾಗಿ ತೊಡಗುವವರಿಗೆ ಅವು ಮೇಲು. ಆದರೆ ಈಗಾಗಲೇ ಹಳೆಯ ಡಿಸ್ಕಿನಲ್ಲಿ ಮನೆತನವನ್ನು ಇಟ್ಟವರಿಗೆ ಆ ಮಾತಿನಿಂದ ಪ್ರಯೋಜನವಿಲ್ಲ.

ಅಂಥವರು ಮಾಡತಕ್ಕುದು ಇದು. ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯದೆ, ಮೊದಲು ಅದರ ಸಮಗ್ರ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಅಂಟೋನಿಯೋ ಡಿಯಾಸ್ ಡಿಯಾಸ್ ಎಂಬವರು ಬರೆದ ಡಿಡಿರೆಸ್ಕ್ಯೂ ಎಂಬ ಉಪಕರಣವು ಇದಕ್ಕಾಗಿಯೇ ಇದೆ. ಅದು ಸುಲಭವಾಗಿ ಓದಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಹಿಡಿದ ಖಂಡಗಳಿಗೆ ಕೊನೆಯಲ್ಲಿ ಮತ್ತೆ ಮತ್ತೆ ಹೋಗುತ್ತದೆ; ಎಲ್ಲಿ ಓದಿತು, ಎಲ್ಲಿ ಸೋತಿತು ಎಂಬುದನ್ನು ಬೇರೆಯೇ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಕೊನೆಗೂ ಬಾರದೆ ಉಳಿದ ಎಡೆಗಳನ್ನು ಹೊಸ ಪ್ರತಿಯಲ್ಲಿ ಸೊನ್ನೆಗಳಾಗಿ ಬಿಡದೆ, ಬೇರೆಲ್ಲಿಯೂ ಬಾರದ ಒಂದು ಗುರುತಿನ ಮಾತಿನಿಂದ ತುಂಬಿಸಲು ಅದರಲ್ಲಿ ಅನುಕೂಲವಿದೆ. ಗುರುತಿನ ಮಾತು ಗ್ರಂಥಪಾತ ಎಂದೇ ಇದ್ದರೂ ಅಡ್ಡಿಯಿಲ್ಲ. ತರುವಾಯ ಹೊಸ ಪ್ರತಿಯ ಎಲ್ಲ ಕಡತಗಳಲ್ಲಿಯೂ ಆ ಮಾತನ್ನು ಹುಡುಕಿದರೆ ಸಾಕು. ಲೆಕ್ಕ ಕಳೆಯಬೇಕಾದುದೂ ಇಲ್ಲ, ಭಾಗಿಸಬೇಕಾದುದೂ ಇಲ್ಲ. ಯಾವ ಕಡತದೊಳಗೆ ಅದು ಸಿಕ್ಕಿತೋ ಆ ಕಡತದ ಮೈ ಮುಕ್ಕಾಗಿದೆ. ಬಾರಕೂರಿನ ಕಲ್ಲನ್ನು ಓದಿದವನು ಚುಕ್ಕಿಯಿಟ್ಟುದಕ್ಕೂ ಇದಕ್ಕೂ ಭೇದವಿಲ್ಲ.

ಹೀಗೆ ದೊರೆತ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದು ಯಾರಿಗೆ ಸೇರಿದುದು, ಇನ್ನೊಂದು ಪ್ರತಿ ಎಲ್ಲಿ ಇರಬಹುದು, ಯಾರನ್ನು ಕೇಳಬೇಕು ಎಂದು ಗುರುತಿಟ್ಟುಕೊಳ್ಳುವುದು ಮನೆಯವರ ಕೆಲಸ. ಪತ್ರ ಬರೆಯಬೇಕಾದವರಿಗೆ ಆ ವಾರವೇ ಬರೆಯುವುದು ಲೇಸು. ಎಲ್ಲಿಯೂ ಪ್ರತಿ ದೊರೆಯದ ಕಡತವನ್ನು, ಒಳಗಿನ ಗುರುತನ್ನು ತೆಗೆಯದೆ, ಹಾಗೆಯೇ ಇರಗೊಡಬೇಕು.